ತೊಳೆದ ಕಲ್ಲು

ಅಕ್ಕನಿಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ. ಅರ್ಧ ಆಯಸ್ಸು ಲಾಂಡ್ರಿ ನಡೆಸಿದವಳು. ಯಾರನ್ನು ಕಂಡರೂ ಕಣ್ಣು ಮುಖಕ್ಕಿಂತ ಮೊದಲು ಕಾಲರಿಗೆ ಹೋಗುತ್ತಿತ್ತು. ಅಂಥವಳ ಮನೆಯಲ್ಲಿ, ತಮ್ಮನ ಮಂಚದ ಎದುರಿಗೆ, ಒಂದು ಗಾಜಿನ ತೊಟ್ಟಿ ಬಂದು ಕೂತಿತು.

ತಮ್ಮನಿಗೆ ಊರೆಲ್ಲ ಇಟ್ಟ ಹೆಸರು ನೀರುಕಾಗೆ. ಸಮುದ್ರದಲ್ಲಿ ಮುಳುಗಿ ಹಡಗಿನ ತಳ ಕೆರೆಯುವುದು, ಬಿರುಕಿಗೆ ಬೆಸುಗೆ ಹಾಕುವುದು ಅವನ ಕೆಲಸವಾಗಿತ್ತು. ಈಗ ಶ್ವಾಸಕೋಶ ಕೈಕೊಟ್ಟು ಮಲಗಿದ್ದ. ಮೂಗಿಗೆ ಕೊಳವೆ, ಪಕ್ಕದಲ್ಲಿ ಆಕ್ಸಿಜನ್ ಯಂತ್ರ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಬೆಟ್ಟ ಹತ್ತಿದವನಂತೆ ಏದುಸಿರು ಬಿಡುತ್ತಿದ್ದ. ಡಾಕ್ಟರು ಅಕ್ಕನನ್ನು ಹೊರಗೆ ಕರೆದು, "ಎರಡು ತಿಂಗಳು ಅಂದ್ಕೊಳ್ಳಿ" ಎಂದಿದ್ದರು. ಅವಳು ಒಳಗೆ ಬಂದಾಗ ಅವನು ಏನು, ಎತ್ತ ಎಂದು ಕೇಳಲಿಲ್ಲ.

"ಹವಳದ ದಿಬ್ಬದಲ್ಲಿ ಒಂದು ಮೀನಿರುತ್ತೆ ಅಕ್ಕ. ಕಿತ್ತಳೆ ಮೈ, ಬಿಳೀ ಪಟ್ಟೆ. ಬೆರಳುದ್ದ ಇಲ್ಲ, ಆದ್ರೂ ನನ್ನ ಮೇಲೇ ಜಗಳಕ್ಕೆ ಬರ್ತಿತ್ತು. ಅದನ್ನ ಇನ್ನೊಂದ್ಸಲ ನೋಡ್ಬೇಕು" ಎಂದ.

ಹುಟ್ಟಿದಾಗಿನಿಂದ ಅವಳಲ್ಲಿ ಏನನ್ನೂ ಕೇಳದವನು ಕೇಳಿದ್ದು ಒಂದು ಮೀನು. ಅದೂ ತಿನ್ನುವುದಕ್ಕಲ್ಲ.

ಅಕ್ವೇರಿಯಂ ಅಂಗಡಿಯವರು ಒಳ್ಳೆಯವರು, ಮಾತು ಸ್ವಲ್ಪ ಜಾಸ್ತಿ. "ನೀರಿಗೆ ಉಪ್ಪು ಹಾಕಿದ ಮಾತ್ರಕ್ಕೆ ಸಮುದ್ರ ಆಗಲ್ಲಮ್ಮ. ಈ ಕಲ್ಲಿದೆಯಲ್ಲ, ಇದಕ್ಕೆ ಜೀವ ಇದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇದರ ಮೇಲೆ ಬೆಳೀಬೇಕು. ಮೀನಿನ ಹೊಲಸು ವಿಷ ಆಗದ ಹಾಗೆ ಅವೇ ನೋಡ್ಕೊಳ್ಳೋದು. ಒಂದೂವರೆ ತಿಂಗಳು ಮೀನು ಬಿಡ್ಬೇಡಿ. ತಾಳಿದವನು ಬಾಳಿಯಾನು."

ಗಾದೆ ಹೇಳುವುದಕ್ಕೂ ಹೊತ್ತುಗೊತ್ತು ಬೇಡವೆ? ಪಾಪ, ಅವರಿಗೇನು ಗೊತ್ತು. ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಡಾಕ್ಟರ ಎರಡು ತಿಂಗಳೊಳಗೆ ಅಂಗಡಿಯವರ ಒಂದೂವರೆ ತಿಂಗಳು ಹಿಡಿಸುತ್ತಿತ್ತು.

ತಮ್ಮ ಮಲಗಿದಲ್ಲಿಂದಲೇ ಮೇಸ್ತ್ರಿಯಾದ. ನಲ್ಲಿ ನೀರು ಬೇಡ, ಶುದ್ಧ ಮಾಡಿದ ನೀರೇ ಬೇಕು. ಉಪ್ಪು ಪೂರ್ತಿ ಕರಗಲಿ, ಆಮೇಲೆ ಅಳೆ. ಪಂಪು ಈ ಕಡೆ ತಿರುಗಿಸು. ಬಕೆಟ್ಟಿನಲ್ಲಿ ಉಪ್ಪು ಕಲಕಿ ಕಲಕಿ ಅಕ್ಕನ ರಟ್ಟೆ ಬಿದ್ದುಹೋಯಿತು. "ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ನನ್ನ ಕಥೆ" ಎಂದು ಗೊಣಗಿದಳು. ಅವನು ನಗಲು ಹೋಗಿ ಕೆಮ್ಮಿದ. ಆ ದಿನಗಳಲ್ಲಿ ಇಬ್ಬರೂ ಸಂತೋಷವಾಗಿದ್ದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಕೆಲವು ವಾರ ಕಳೆಯುವಷ್ಟರಲ್ಲಿ ಕಲ್ಲಿನ ಮೇಲೆಲ್ಲ ಕಂದು ಲೋಳೆ ಹಬ್ಬಿತು. ಅಕ್ಕನಿಗೆ ಮೈಯೆಲ್ಲ ತುರಿಸಿದಂತಾಯಿತು. "ಮುಟ್ಬೇಡ, ಅದು ಬರುತ್ತೆ, ತಾನಾಗೇ ಹೋಗುತ್ತೆ" ಎಂದ ತಮ್ಮ. ನನಗೆ ಕೆಲಸ ಹೆಚ್ಚಾಗದಿರಲಿ ಎಂದು ಹಾಗೆ ಹೇಳುತ್ತಾನೆ ಎಂದುಕೊಂಡಳು. ಚಿಕ್ಕಂದಿನಿಂದಲೂ ಅವನು ಹಾಗೆಯೇ. ತನ್ನ ಅಂಗಿಯನ್ನು ತಾನೇ ಒಗೆದುಕೊಳ್ಳುತ್ತಿದ್ದ ಹುಡುಗ.

ಒಂದು ಭಾನುವಾರ ಅವನ ಜೊತೆಯಲ್ಲಿ ಮುಳುಗುತ್ತಿದ್ದ ಗೆಳೆಯರು ನೋಡಲು ಬರುವವರಿದ್ದರು. ಬೆಳಗ್ಗೆ ಅವನಿಗೆ ನಿದ್ದೆ ಹತ್ತಿದಾಗ ಅಕ್ಕ ಕಲ್ಲುಗಳನ್ನೆಲ್ಲ ಹೊರತೆಗೆದಳು. ಬಿಸಿನೀರು, ಗಟ್ಟಿ ಬ್ರಷ್ಷು, ಹಟಮಾರಿ ಕಲೆಗೆ ಅವಳು ಬಳಸುವ ಬ್ಲೀಚು. ಸಂದುಸಂದಿಯಲ್ಲಿ ತಿಕ್ಕಿ, ತೊಳೆದು, ಮತ್ತೆ ಜೋಡಿಸಿದಳು. ಹಳೆಯ ನೀರು ಚೆಲ್ಲಿ ಹೊಸ ಉಪ್ಪುನೀರು ತುಂಬಿದಳು. ಕಲ್ಲು ಹೊಸ ದುಪ್ಪಟಿಯ ಹಾಗೆ ಬೆಳ್ಳಗಿತ್ತು.

ತಮ್ಮ ಎದ್ದು ನೋಡಿದ. ತುಂಬಾ ಹೊತ್ತು ನೋಡಿದ. "ಚೆನ್ನಾಗಿ ಬೆಳಗಿದೀಯ ಅಕ್ಕ" ಎಂದ. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಅಂಗಡಿಯವರು ಹೇಳಿದ ಗಡುವು ಮುಗಿದ ದಿನ ಅವಳು ಬಾಟಲಿಯಲ್ಲಿ ತೊಟ್ಟಿಯ ನೀರು ಹಿಡಿದು ಅಂಗಡಿಗೆ ಹೋದಳು. ಅಂಗಡಿಯವರು ಔಷಧಿಯ ಹನಿ ಬಿಟ್ಟು ಅಲ್ಲಾಡಿಸಿದರು. ವಿಷವಿಲ್ಲದಿದ್ದರೆ ಹಳದಿಯಾಗಿಯೇ ಇರಬೇಕಾದ ನೀರು ಕಡುಹಸಿರಾಯಿತು.

"ಕಲ್ಲು ತೊಳೆದ್ರಾ?"

"ಹೂಂ. ಬಿಸಿನೀರಲ್ಲಿ. ಸ್ವಲ್ಪ ಬ್ಲೀಚು ಹಾಕಿ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಎಲ್ಲಾ ಸತ್ತುಹೋಗಿದೆಯಮ್ಮ. ಮತ್ತೆ ಮೊದಲಿಂದ."

"ಎರಡು ದಿನ ಬದುಕಿದ್ರೂ ಸಾಕು, ಕೊಡಿ."

"ಕೊಟ್ರೆ ಏನಾಗುತ್ತೆ ಗೊತ್ತಾ? ಮೇಲೆ ಬಂದು ಬಾಯಿ ಬಾಯಿ ಬಿಡುತ್ತೆ. ಉಸಿರು ಸಿಗದೆ ಒದ್ದಾಡುತ್ತೆ."

ಅದನ್ನು ಅವಳು ಮನೆಯಲ್ಲಿ ದಿನಾ ನೋಡುತ್ತಿದ್ದಳು. ಇನ್ನೊಂದನ್ನು ಅವನ ಕಣ್ಣೆದುರು ಇಡುವುದಕ್ಕೆ ಮನಸ್ಸು ಬರಲಿಲ್ಲ. ಬರಿಗೈಯಲ್ಲಿ ಹೊರಟಳು.

ಬಾಗಿಲು ತೆಗೆದ ಸದ್ದಿಗೆ ತಮ್ಮ ತಲೆ ಹೊರಳಿಸಿ ಅವಳ ಕೈ ನೋಡಿದ. "ಅಂಗಡಿ ಮುಚ್ಚಿತ್ತಾ?" ಎಂದ.

ಹೂಂ ಎಂದುಬಿಡಬಹುದಿತ್ತು. "ತೆಗೆದಿತ್ತು ಕಣೋ" ಎಂದಳು ಅಕ್ಕ. "ನಾನೇ ಕೈಯಾರೆ ಕೊಂದೆ. ನಿಂಗೆ ಗೊತ್ತಿತ್ತಾ?"

"ಬಿಳೀ ಕಲ್ಲು ನೋಡಿದಾಗ್ಲೇ."

"ಬಾಯಿಬಿಟ್ಟು ಎರಡು ಮಾತು ಬೈಬಾರದಾಗಿತ್ತಾ?"

"ಬೈದಿದ್ರೆ ನೀನು ಅವತ್ತಿಂದ ಅಳ್ತಾ ಕೂತಿರ್ತಿದ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ನಂಗಿರೋದೇ ನಾಲ್ಕು ದಿನ. ಅದನ್ನ ನೋಡ್ಕೊಂಡು ಮಲಗಿರ್ಲಾ?"

ಅವಳು ಮಂಚದ ಅಂಚಿನಲ್ಲಿ ಕುಸಿದಳು. ಅವನು ಅವಳ ಕೈ ಹಿಡಿದುಕೊಂಡ. ಬ್ಲೀಚಿಗೆ ಬಿರಿದ ಕೈ. "ನಾಳೆ ಬೇರೆ ಕಲ್ಲು ತಗೊಂಡ್ಬಾ" ಎಂದ. "ಶುರು ಮಾಡೋಣ."

ಶುರು ಮಾಡಿದರು. ಕಲ್ಲಿನ ಮೇಲೆ ಕಂದು ಲೋಳೆ ಮತ್ತೆ ಕಾಣಿಸಿದ ವಾರ ಅವನು ಹೋದ. ಮುಖ ತೊಟ್ಟಿಯ ಕಡೆಗಿತ್ತು. ತೊಟ್ಟಿಯಲ್ಲಿ ಕಲ್ಲು, ನೀರು ಬಿಟ್ಟರೆ ಏನೂ ಇರಲಿಲ್ಲ.

ಅಕ್ಕ ಕಲ್ಲು ಮುಟ್ಟಲಿಲ್ಲ. ಲೋಳೆ ಅವನು ಹೇಳಿದಂತೆಯೇ ತಾನಾಗಿ ಹೋಯಿತು. ಔಷಧಿ ಹನಿಸಿದರೆ ನೀರು ಹಳದಿಯಾಗಿಯೇ ಉಳಿಯಿತು. ಆಗ ಅವಳು ಅಂಗಡಿಗೆ ಹೋಗಿ ಮೀನು ತಂದು ಬಿಟ್ಟಳು.

ದಿನಾ ಬೆಳಗ್ಗೆ ಎದ್ದವಳೇ ಓಡಿ ಹೋಗಿ ನೋಡುತ್ತಿದ್ದಳು. ಯಾರಿಗೂ ಹೇಳಲಿಲ್ಲ, ಆದರೆ ಅದು ಸತ್ತಿರಲಿ ಎಂಬ ಆಸೆ ಅವಳಿಗೆ. ಸತ್ತಿದ್ದರೆ, ಕಲ್ಲು ತೊಳೆಯದಿದ್ದರೂ ಹೀಗೇ ಆಗುತ್ತಿತ್ತು, ಅವನು ಹೇಗೂ ನೋಡುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೀನು ಸಾಯಲಿಲ್ಲ. ಹಾಕಿದ್ದನ್ನೆಲ್ಲ ತಿಂದು, ಮೈ ತುಂಬಿಕೊಂಡು, ಚೆನ್ನಾಗಿಯೇ ಇದೆ.