ಲೀಡರ್ ಹೇಳಿದ ಬಿಸಿಲು

ಸುಳ್ಳು ಹೇಳಿದ್ದಕ್ಕಲ್ಲ, ಹೇಳಿದ ದಿನವೇ ಒಂದು ದೋಸೆ ಹೆಚ್ಚಿಗೆ ಸೇರಿತಲ್ಲ, ಅದಕ್ಕೇ ಕೃತಿಕಾಳಿಗೆ ದಿಗಿಲು. ಡೈರಿಯಲ್ಲಿ ಅಷ್ಟನ್ನು ಬರೆದು ಬಿ.ಎಸ್ಸಿ. ನೋಟ್ಸಿನ ಕೆಳಗೆ ಬಚ್ಚಿಟ್ಟಳು. ಅಪ್ಪನ ಕೈಗೆ ಸಿಕ್ಕರೂ ಅವರು ಓದುವಂತಿರಲಿಲ್ಲ. ಎಲ್ಲ ಶುರುವಾದದ್ದೇ ಅಲ್ಲಿಂದ.

ಅಪ್ಪ ಬಕ್ಕೇಶಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಹದಿನೈದು ದಿನ ಪೇಪರ್ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರಿಂದ, ಬೆಳಿಗ್ಗೆ ಮಂಡಿಪೇಟೆಯ ಕಾಳಿನ ಅಂಗಡಿಯಲ್ಲಿ ಕೂತು ಓದಿ ಹೇಳುವ ಕೆಲಸ ಮಗಳ ಪಾಲಿಗೆ ಬಂತು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳ 'ಎಸ್ ಸರ್' ಯಾರಿಗೂ ಕೇಳಿಸದೆ ಎಷ್ಟೋ ದಿನ ಗೈರಾದವಳು ಅವಳು.

ಹೋದ ವಾರ ಹಮಾಲ ಮಾಳಿಂಗಪ್ಪ ನಡುಮಧ್ಯಾಹ್ನ ಮೆಕ್ಕೆಜೋಳದ ಚೀಲ ಹೊತ್ತವನು ಲಾರಿ ಪಕ್ಕದಲ್ಲೇ ತಲೆಸುತ್ತಿ ಬಿದ್ದ. ಮರುದಿನ ಅವಳು ಓದಿದಳು: "ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಹನ್ನೆರಡರಿಂದ ಮೂರರವರೆಗೆ ಯಾರನ್ನೂ ಬಿಸಿಲಲ್ಲಿ ದುಡಿಸಬೇಡಿ ಎಂದು ವಿಜ್ಞಾನಿಗಳು..."

"ಅವೆಲ್ಲ ಆ ಪಕ್ಷದೋರು ಎಬ್ಬಿಸಿರೋ ಪುಕಾರು. ಮುಂದಿಂದು ಓದು."

ಮಾರನೆಯ ದಿನ ಅದೇ ಸುದ್ದಿಯನ್ನು ಅದೇ ದನಿಯಲ್ಲಿ ಓದಿದಳು. ವಿಜ್ಞಾನಿಗಳಿದ್ದ ಜಾಗದಲ್ಲಿ ಅಪ್ಪನ ಪಕ್ಷದ ಲೀಡರನ್ನು ಕೂರಿಸಿದಳು, ಅಷ್ಟೇ.

"ನೋಡ್ದ್ಯಾ! ನಮ್ಮ ಲೀಡರ್‌ಗೆ ತಲೆ ಐತೆ!" ಅಂದಿನಿಂದಲೇ ಮಧ್ಯಾಹ್ನ ಮೂರು ತಾಸು ಹಮಾಲಿ ಬಂದ್.

ಹಾಗೆ ಬಂದ್ ಆದ ಐದನೆಯ ದಿನ, ಕಾಲೇಜಿಗೆ ರಜೆಯೆಂದು ಕೃತಿಕಾ ಮಧ್ಯಾಹ್ನವೂ ಅಂಗಡಿಯಲ್ಲೇ ಇದ್ದಾಗ, ಕಣ್ಣು ವಿಚಾರಿಸಲು ಹರಿಹರದಿಂದ ಅಪ್ಪನ ಪಕ್ಷದವರೇ ಆದ ಗೆಳೆಯ ಕೊಟ್ಟೂರೇಶ್ ಬಂದರು. ಬಕ್ಕೇಶಪ್ಪನವರು ಕಪ್ಪು ಕನ್ನಡಕ ಏರಿಸಿ ಲೀಡರ್ ಮಾತನ್ನು ಒಪ್ಪಿಸಿದರು.

"ಲೇ ಬಕ್ಕೇಶಿ, ಆಪರೇಷನ್ ಆಗಿದ್ದು ಕಣ್ಣಿಗೋ ಕಿವಿಗೋ? ಮೊನ್ನೆ ನಮ್ಮೂರ ಸಭೆಯಾಗ ಮುಂದಿನ ಸಾಲಲ್ಲೇ ಕುಂತಿದ್ದೆ. ಬಿಸಿಲು ಜಾಸ್ತಿ ಆಗೈತೆ ಅನ್ನೋದೇ ವಿರೋಧಿಗಳ ಪಿತೂರಿ ಅಂದ್ರಪ್ಪ ಲೀಡರ್ರು! ಎರಡು ಕೂಲರ್ ನಡುವೆ ನಿಂತು ಎಷ್ಟು ತಣ್ಣಗೆ ಹೇಳಿದ್ರು ಅಂತೀಯ!" ಎನ್ನುತ್ತ ಕೊಟ್ಟೂರೇಶ್ ಟವೆಲಿನಿಂದ ಮೂರನೇ ಸಲ ಬೆವರು ಒರೆಸಿಕೊಂಡರು.

ಬಕ್ಕೇಶಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಹೂಂ... ನಾನೂ ಮೊದಲಿಂದ ಹಂಗೇ ಅಂತಿದ್ದೆ ಬಿಡು. ಲೇ ಮಾಳಿಂಗಪ್ಪಾ! ಎದ್ದೇಳು, ಲಾರಿ ಖಾಲಿ ಮಾಡು."

ಗಂಟೆ ಒಂದಾಗಿತ್ತು. ಗೋಡೆಯ ನೆರಳಲ್ಲಿ ಮಲಗಿದ್ದ ಮಾಳಿಂಗಪ್ಪ ಕೂತಲ್ಲೇ ತಲೆಗೆ ವಸ್ತ್ರ ಸುತ್ತತೊಡಗಿದ. ಕೃತಿಕಾ ಪೇಪರ್ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಡೈರಿಯಲ್ಲಾದರೆ ಇದನ್ನು ಎರಡೇ ಸಾಲಿನಲ್ಲಿ ಮುಗಿಸಬಹುದಿತ್ತು.

ಆಮೇಲೆ ಅವಳ ಬಾಯಿಂದ ಬಂದ ದನಿಗೆ ಎದುರಂಗಡಿಯ ಇಜಾಜ್ ಕೂಡ ತಕ್ಕಡಿ ಬಿಟ್ಟು ತಿರುಗಿ ನೋಡಿದ.

"ಮಾಳಿಂಗಪ್ಪ, ನೀನು ಏಳಬ್ಯಾಡ. ಅಪ್ಪಾ, ಅದು ವಿಜ್ಞಾನಿಗಳು ಹೇಳಿದ್ದು. ಲೀಡರ್ ಹೆಸರು ಸೇರಿಸಿ ಓದಿದ್ದು ನಾನು!"