ಚಾವಣಿ ನೋಡೋಕೆ ಮಾನಿಟರ್ ಎತ್ತಬೇಕಿಲ್ಲ!

ಬಡಗಿಯ ಮನೆಯಲ್ಲಿ ಬೆಳಗ್ಗೆಯಿಂದ ಬಡಗಿಗೂ ಕಂಪ್ಯೂಟರಿಗೂ ಜಗಳ. ಕಂಪ್ಯೂಟರ್ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಆದರೂ ಗೆಲ್ಲುತ್ತಿದ್ದುದು ಅದೇ.

ವಿಷಯ ಇಷ್ಟೇ. ಪೇಟೆಯ ದೊಡ್ಡ ಗ್ರಂಥಾಲಯದ ಮರದ ಚಾವಣಿ ಕೆತ್ತಿದ್ದು ಇದೇ ಬಡಗಿ. ಅವನ ಹೆಂಡತಿ ಮಾತ್ರ ಅದನ್ನು ಒಮ್ಮೆಯೂ ಕಂಡವಳಲ್ಲ. ಅವಳದು ಗಾಲಿಕುರ್ಚಿಯ ಓಡಾಟ, ಗ್ರಂಥಾಲಯಕ್ಕೋ ಮೆಟ್ಟಿಲ ಮೇಲೆ ಮೆಟ್ಟಿಲು. ಈಗ ಗ್ರಂಥಾಲಯದವರು ತಮ್ಮ ವೆಬ್‌ಸೈಟಿನಲ್ಲಿ ವರ್ಚುವಲ್ ಟೂರ್ ಹಾಕಿದ್ದಾರೆ. ಮನೆಯಲ್ಲೇ ಕೂತು ಒಳಗೆಲ್ಲ ಸುತ್ತಿ ಬರಬಹುದು. ಆ ಸುದ್ದಿ ಕೇಳಿದಾಗಿನಿಂದ ಅವಳಿಗೆ ಬೇರೆ ಯಾವುದರಲ್ಲೂ ಮನಸ್ಸಿಲ್ಲ.

ಆದರೆ ತೆರೆಯ ಮೇಲೆ ಬರೀ ಕಪ್ಪು.

"ರಾತ್ರಿ ಫೋಟೋ ತೆಗೆದಿರ್ಬೇಕು ಕಣೇ," ಎಂದ ಬಡಗಿ. "ಇದೆಲ್ಲ ಕಣ್ಕಟ್ಟು. ಈ ಡಬ್ಬಾನ ಗುಜರಿಗೆ ಹಾಕೋಣ."

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನ್ರೀ?"

ಅಷ್ಟರಲ್ಲಿ ಟಣ್ ಎಂದು ಕೆಂಪು ಪೆಟ್ಟಿಗೆಯೊಂದು ತೆರೆಯ ಮೇಲೆ ಎದ್ದಿತು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ! ಕೂಡಲೇ ಈ ನಂಬರಿಗೆ ಕರೆ ಮಾಡಿ!' ಬಡಗಿ ಗಾಬರಿಯಲ್ಲಿ ಫೋನ್ ಕೈಗೆತ್ತಿಕೊಂಡ.

"ಅಣ್ಣಾ, ಬೇಡ!" ಬಾಗಿಲಲ್ಲಿ ಪಕ್ಕದ ಮನೆಯ, ಟೈಪಿಂಗ್ ಕಲಿಸುವ ಮೇಡಂ ನಿಂತಿದ್ದರು. ಹೆಂಡತಿಯೇ ಹೇಳಿಕಳಿಸಿ ಕರೆಸಿದ್ದಳು. "ಅದು ಮೋಸಗಾರರ ಬಲೆ. ಆ ನಂಬರಿಗೆ ಫೋನ್ ಮಾಡ್ಬೇಡಿ, ಅವರು ಹೇಳಿದ್ದು ಏನೂ ಹಾಕ್ಕೋಬೇಡಿ. ಸುಮ್ನೆ ಮುಚ್ಚಿಬಿಡಿ."

"ಹಾಗಾದ್ರೆ ಕಪ್ಪು ಯಾಕೆ?" ಬಡಗಿ ಬಿಡಲಿಲ್ಲ.

ಮೇಡಂ ಒಮ್ಮೆ ಕಿವಿಗೊಟ್ಟರು. "ಒಳಗೆ ಟಿವಿಲಿ ಏನು ಓಡ್ತಿದೆ?"

"ನೆಟ್ಟಲ್ಲಿ ಸಿನಿಮಾ ಹಾಕಿದ್ದೆ."

"ಯಾರು ನೋಡ್ತಿದಾರೆ?"

"ಯಾರೂ ಇಲ್ಲ."

"ಮನೆಗೆ ಬರೋ ನೆಟ್ ಅಂದ್ರೆ ಒಂದೇ ನಲ್ಲಿ ಇದ್ದ ಹಾಗೆ ಅಣ್ಣ. ಅಲ್ಲೂ ಹರಿದ್ರೆ ಇಲ್ಲಿ ತೊಟ್ಟಿಕ್ಕುತ್ತೆ ಅಷ್ಟೆ. ಆರಿಸಿ ಬನ್ನಿ."

ಬಡಗಿ ಟಿವಿ ಆರಿಸಿ ಬಂದ ಮೇಲೆ, ಆ ಕೆಂಪು ಪೆಟ್ಟಿಗೆಯನ್ನೂ ಸುಮ್ಮನೆ ತೆರೆದಿದ್ದ ಬೇರೆ ಪುಟಗಳನ್ನೂ ಮೇಡಂ ಮುಚ್ಚಿಸಿದರು. "ಅಕ್ಕಾ, ಬ್ರೌಸರ್ ಅಂದ್ರೆ ಇಂಟರ್ನೆಟ್ ನೋಡೋ ಕಿಟಕಿ. ನಿಮ್ಮದು ತೀರಾ ಹಳೇದಾಗಿದೆ. ಮೂಲೇಲಿ ಮೂರು ಚುಕ್ಕಿ ಇದೆಯಲ್ಲ, ಅದನ್ನ ಒತ್ತಿ. ಅಪ್‌ಡೇಟ್ ಅಂತಿದೆ ನೋಡಿ, ಅದು." ಹೆಂಡತಿಯೇ ಒತ್ತಿದಳು. ಬ್ರೌಸರ್ ಮುಚ್ಚಿ ಮತ್ತೆ ತೆರೆದುಕೊಂಡಿತು. ಮೊದಲು ಮಸುಕು ಮಸುಕು, ಆಮೇಲೆ ನಿಚ್ಚಳವಾಗಿ ಓದುವ ಕೋಣೆ ಮೂಡಿತು. ಕಪಾಟು, ಮೇಜು, ಹೊಳೆಯುವ ನೆಲ. ಅವಳು ಗಾಲಿಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಸರಿಸಿದಳು.

"ಚಾವಣಿ ಎಲ್ಲಿ?"

"ತಾಳು," ಎಂದ ಬಡಗಿ ಮಾನಿಟರನ್ನು ಹಿಂದಕ್ಕೆ ವಾಲಿಸಿ, ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕತ್ತು ಮೇಲೆ ಮಾಡಿ ಇಣುಕಿದ. "ಇಲ್ಲಿಂದಾನೂ ಕಾಣಲ್ಲ ಕಣೇ!"

ಇಬ್ಬರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾನಿಟರ್ ಬೀಳದಂತೆ ಹಿಡಿದುಕೊಂಡೇ ಬಡಗಿಯೂ ನಕ್ಕ.

"ಮೌಸಿನ ಎಡಗುಂಡಿ ಒತ್ತಿ ಹಿಡೀರಿ ಅಕ್ಕ. ಬಿಡದೆ ಕೆಳಗೆ ಎಳೀರಿ."

ಅವಳು ಎಳೆದಳು. ನೆಲ ಜಾರಿತು, ಕಪಾಟು ಜಾರಿತು, ತೆರೆಯ ತುಂಬ ಚಾವಣಿ ಬಂತು. ಬಳ್ಳಿ, ಎಲೆ, ಎಲೆಯ ಸಂದಿಗೊಂದು ಹಕ್ಕಿ. ಅವಳು ತೆರೆಯತ್ತ ಬಾಗಿ ಒಂದೊಂದೇ ಎಲೆ ನೋಡತೊಡಗಿದಳು.

ಬಡಗಿಗೆ ಅಳುಕಾಯಿತು. "ಯಾಕೇ, ಚೆನ್ನಾಗಿಲ್ವಾ?"

"ಇಷ್ಟು ಚೆಂದ ಮಾಡಿದೀನಿ ಅಂತ ಒಂದು ಸಲಾನಾದ್ರೂ ಹೇಳಿದ್ರಾ ನೀವು?" ಅವಳ ಕಣ್ಣು ತುಂಬಿತ್ತು, ಮುಖ ಅರಳಿತ್ತು. ಗಂಡನ ಮೇಲೆ ಅಷ್ಟು ಹೆಮ್ಮೆ ಅವಳಿಗೆ ಎಂದೂ ಆಗಿರಲಿಲ್ಲ.

"ಹೇಳಿದ್ನಲ್ಲ, ಕೆಲಸ ಮುಗೀತು ಅಂತ," ಎಂದ ಬಡಗಿ. ಹೇಳಿ, ಕುರ್ಚಿ ಎಳೆದು ಅವಳ ಪಕ್ಕ ಕೂತ. "ಇನ್ನೊಂಚೂರು ಎಡಕ್ಕೆ ಎಳಿ. ಅಲ್ಲೊಂದು ನವಿಲಿದೆ."

ನೋಡಿದಿರಾ? ಚಿತ್ರ ಬರಲಿಲ್ಲವೆಂದು ಕೈಚೆಲ್ಲಬೇಡಿ. ನೆಟ್ ಬೇರೆ ಕಡೆ ಹರಿಯುತ್ತಿದ್ದರೆ ನಿಲ್ಲಿಸಿ, ಬ್ರೌಸರನ್ನು ಹೊಸದು ಮಾಡಿಕೊಳ್ಳಿ. ಆಗಲೂ ಆಗದಿದ್ದರೆ ಬೇರೆ ಬ್ರೌಸರಿನಲ್ಲಿ ತೆರೆದು ನೋಡಿ. ಹೆದರಿಸುವ ನಂಬರಿಗೆ ಮಾತ್ರ ಕರೆ ಮಾಡಲೇಬೇಡಿ, ತಿಳಿದ ನೆರೆಯವರನ್ನು ಕರೆಯಿರಿ. ನಿಮ್ಮ ಮನೆಯಲ್ಲೂ ಮೆಟ್ಟಿಲು ಹತ್ತಲಾಗದ ಒಬ್ಬರು ಇರಬಹುದು. ಇವತ್ತೇ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಮೌಸನ್ನು ಅವರ ಕೈಗೇ ಕೊಡಿ.