ಕಡಗದ ಮೇಲಿನ ಕಿಲೋ

ರಾಚಪ್ಪನ ಮನೆಯಲ್ಲಿ ಅವನ ಅಜ್ಜನದು ಎನ್ನುವ ಒಂದು ವಸ್ತುವೂ ಇರಲಿಲ್ಲ. ಫೋಟೋ ಇಲ್ಲ, ಪದಕ ಇಲ್ಲ. ಅಜ್ಜ ಬಸಂತರಾಯ, ದೇವರ ಹಿಪ್ಪರಗಿಯಲ್ಲಿ ಪೈಲವಾನರು ಪಂದ್ಯ ಕಟ್ಟಿ ಎತ್ತುವ ಸಂಗ್ರಾಣಿ ಕಲ್ಲು ಎತ್ತಿ ಹೆಸರು ಮಾಡಿದವನು. ಉಳಿದದ್ದು ಹೆಸರೊಂದೇ.

೧೯೭೪ರ ಬೇಸಿಗೆಯಲ್ಲಿ ಹಳೆಯ ಸಾಮಾನು ಹುಡುಕಿಕೊಂಡು ಒಬ್ಬ ವ್ಯಾಪಾರಿ ಬಂದ. ಚೀಲದಿಂದ ಕಪ್ಪುಗಟ್ಟಿದ ಬೆಳ್ಳಿ ಕಡಗ ತೆಗೆದು ರಾಚಪ್ಪನ ಕೈಗಿಟ್ಟ. ಅದರ ಮೇಲೆ ಕೊರೆದಿತ್ತು: ‘ಬಸಂತರಾಯ, ದೇವರ ಹಿಪ್ಪರಗಿ. ಸಂಗ್ರಾಣಿ ಕಲ್ಲು ೧೨೦ ಕಿಲೋ. ಸನ್ ೧೯೩೮.’

“ಸೊಲ್ಲಾಪುರದಾಗ ಒಬ್ಬರ ಮನ್ಯಾಗ ಒತ್ತಿ ಬಿದ್ದಿತ್ತು. ನಿಮ್ಮ ಮನಿತನದ್ದು, ನಿಮ್ಮಲ್ಲೇ ಇರ್ಲಿ. ರೊಕ್ಕ ಬ್ಯಾಡ್ರಿ,” ಎಂದ.

ಬದಲಿಗೆ ಅವನು ಕೇಳಿದ್ದು ಎತ್ತಿನ ಹಳೆಯ ಶೃಂಗಾರ. ರಾಚಪ್ಪನ ತೀರಿಹೋದ ತಾಯಿ ಕಸೂತಿ ಹಾಕಿದ, ಎತ್ತಿನ ಬೆನ್ನಿಗೆ ಹೊದಿಸುವ ಝೂಲ, ಎತ್ತಿನ ಕೋಡಿಗೆ ತೊಡಿಸುವ ಹಿತ್ತಾಳೆಯ ಕೋಡಣಸು ನಾಲ್ಕು. ಝೂಲವನ್ನು ಆಗಲೇ ಚೀಲಕ್ಕೆ ಹಾಕಿಕೊಂಡ. ಕೋಡಣಸು ಅಟ್ಟದ ಮೇಲಿದ್ದವು. ಸೋಮವಾರ ಬಂದು ಒಯ್ಯುತ್ತೇನೆಂದು ಹೇಳಿ ಹೋದ.

ರಾಚಪ್ಪನ ಹೆಂಡತಿ ಕಸ್ತೂರೆವ್ವ ಹೊಲದಿಂದ ಬಂದವಳೇ ಕಡಗ ಮೂಸಿ ನೋಡಿದಳು.

“ಬಂಡಿ ಕೀಲೆಣ್ಣಿ ನಾತ ಹೊಡಿತೈತಿ.”

“ಮೂವತ್ತಾರು ವರ್ಷದ ಹೊಲಸು. ಅತ್ತರ ವಾಸನಿ ಬರ್ತೈತೇನು?”

“ಅತ್ತಿ ಎರಡು ವರ್ಷ ಕುಂತು ಹೊಲಿದ ಝೂಲ ಕೊಟ್ಟು ನಾತ ತಗೊಂಡಿರಿ. ಕೋಡಣಸು ಮಾತ್ರ ನಾ ಕೊಡಾಕಿ ಅಲ್ಲ.”

“ನಮ್ಮಜ್ಜನ ಸುದ್ದಿ ನಿನಗೇನ ಗೊತ್ತು?”

“ನನಗ ಗೊತ್ತಿಲ್ಲ. ಗೊತ್ತಿದ್ದವರನ್ನರೆ ಕೇಳ್ರಿ.”

ಗೊತ್ತಿದ್ದವನು ಮುರ್ತುಜಾಸಾಬ. ಸಂತೆಯಲ್ಲಿ ಜೋಳ, ತೊಗರಿ ತೂಗುವುದು ಅವನ ಕೆಲಸ. ಅವನ ತಂದೆ ಕಾಸಿಂಸಾಬ ಕೂಡ ಕಲ್ಲು ಎತ್ತುತ್ತಿದ್ದ, ಬಸಂತರಾಯನ ಎದುರಾಳಿ. ರಾಚಪ್ಪ ತಂದು ತೋರಿಸಿದ ಕಡಗವನ್ನು ಮುರ್ತುಜಾಸಾಬ ಎರಡು ಸಲ ಓದಿ ನಕ್ಕ.

“ನಗಬ್ಯಾಡ್ರಿ ಕಾಕಾ. ನಿಮ್ಮಪ್ಪ ಸೋತಿದ್ದ, ಅದಕ್ಕ ನಿಮಗ ಹೊಟ್ಟಿಕಿಚ್ಚು,” ಎಂದ ರಾಚಪ್ಪ.

“ಸೋತದ್ದು ಖರೇ ತಮ್ಮಾ. ನಾನಽ ಕಣ್ಣಿಲೆ ನೋಡೇನಿ. ನಿಮ್ಮಜ್ಜ ಹೆಗಲ ಮ್ಯಾಲಿಂದ ಕಲ್ಲು ಹಿಂದಕ್ಕ ಒಗೆದ. ನಮ್ಮಪ್ಪಗ ಎದಿ ಮಟ ಬಂತು, ಮ್ಯಾಲೆ ಏಳಲಿಲ್ಲ. ಆದ್ರ ಇದ್ರಾಗ ಕಿಲೋ ಅಂತ ಬರದೈತಲ್ಲ?”

“ಹೌದ್ರಿ. ನೂರಾ ಇಪ್ಪತ್ತು.”

“ಮೂವತ್ತೆಂಟರಾಗ ಈ ಊರಾಗ ಕಿಲೋ ಅಂದಿದ್ರ, ಯಾರ ಮನಿ ಎತ್ತಿನ ಹೆಸರದು ಅಂತಿದ್ರು. ಆವಾಗ ಸೇರು, ಮಣ. ಕಿಲೋ ಬಂದು ಹದಿನೈದು ವರ್ಷ ಆಗಿರಬೇಕು. ನನ್ನ ಹಳೆ ತೂಕದ ಕಲ್ಲು ಸರಕಾರಕ್ಕ ಕೈಯಾರೆ ಒಪ್ಪಿಸಿ ಬಂದಾಂವ ನಾನು.”

“ಹಂಗಾದ್ರ ಅಜ್ಜಗ ಸಿಕ್ಕಿದ್ದೇನು?”

“ಒಂದು ರುಮಾಲು, ಐದು ಟೆಂಗಿನಕಾಯಿ. ಕಾಯಿ ಎಲ್ಲಾರೂ ತಿಂದ್ವಿ. ರುಮಾಲು ಹರಿಯೂತನಕ ಸುತ್ತಿದ.”

ರಾಚಪ್ಪ ಬಿಡಲಿಲ್ಲ. “ಅಜ್ಜನ ಹೆಸರು ಆ ಮನಷ್ಯಾಗ ಹೆಂಗ ಗೊತ್ತಾತು?”

ಮುರ್ತುಜಾಸಾಬ ತಲೆ ಕೆರೆದುಕೊಂಡ. “ಹೋದ ತಿಂಗಳು ಚಾದಂಗಡ್ಯಾಗ ಕುಂತು ಹಳೆ ಪೈಲವಾನರ ಹೆಸರು ಬರಕೊಂತಿದ್ದ. ನಿಮ್ಮಜ್ಜನ ಹೆಸರು ಹೇಳಿದಾಂವ ನಾನಽ. ಎರಡು ಕಪ್ಪು ಚಾ ಕುಡಿಸಿದ.”

“ಅಂದ್ರ ನೀವೂ ಅವನ ಪಾಲುದಾರರು!”

“ಪಾಲುದಾರ ಆಗಿದ್ರ ಕಿಲೋ ಅಂತ ಬರಸ್ತಿದ್ನೇನೋ ಹುಚ್ಚಾ? ಮಣ ಅಂತ ಬರಸ್ತಿದ್ದೆ.”

ಆದರೂ ಕಡಗ ಸುಳ್ಳೆಂದು ರಾಚಪ್ಪನಿಗೆ ನಂಬಿಕೆ ಬರಲಿಲ್ಲ, ಮನೆಗೆ ತಂದ. ಕಸ್ತೂರೆವ್ವ ಕಡಗವನ್ನು ಬಿಸಿನೀರಿನಲ್ಲಿಟ್ಟು ಸಾಬೂನು ಹಚ್ಚಿ ತಿಕ್ಕಿದಳು. ಮೂವತ್ತಾರು ವರ್ಷದ ಕಪ್ಪು ಒಂದೇ ನೀರಿಗೆ ಇಳಿಯಿತು. ಕೈಯಲ್ಲಿ ತೊಟ್ಟ ಕಡಗದ ಅಕ್ಷರ ಸವೆದಿರಬೇಕು. ಇದರ ಅಕ್ಷರ ಬೆರಳಿಗೆ ಚುಚ್ಚುತ್ತಿತ್ತು. ಅಕ್ಕಸಾಲಿಗ ಪತ್ತಾರ ಒರೆಗೆ ಹಚ್ಚಿ ನೋಡಿ, ಬೆಳ್ಳಿಯೇ ಅಲ್ಲ ಎಂದ.

ಸೋಮವಾರ ವ್ಯಾಪಾರಿ ಬಂದಾಗ ಮುರ್ತುಜಾಸಾಬನೂ ರಾಚಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ರಾಚಪ್ಪ ಕೋಡಣಸು ಇಳಿಸಲಿಲ್ಲ.

“ಮೂವತ್ತೆಂಟರಾಗ ಕಿಲೋ ಯಾರಿಗೆ ಗೊತ್ತಿತ್ರಿ?”

“ಬ್ರಿಟಿಷರಿಗೆ ಗೊತ್ತಿತ್ತಲ್ರಿ.”

“ಅವರದು ರತ್ತಲ, ಪೌಂಡು,” ಎಂದ ಮುರ್ತುಜಾಸಾಬ, ಕಟ್ಟೆಯ ಮೇಲಿಂದಲೇ.

“ನಮ್ಮ ಝೂಲ ಎಲ್ಲೈತಿ?” ಎಂದು ಕೇಳಿದಳು ಕಸ್ತೂರೆವ್ವ.

“ಮುಂಬೈಗೆ ಹೋತು. ಕಡಗದ ಕಾಗದಪತ್ರ ತಂದು ತೋರಿಸ್ತೇನಿ, ತಡೀರಿ,” ಎನ್ನುತ್ತ ಹೊರಬಿದ್ದವನು ಬಿಜಾಪುರದ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ.

ಸುದ್ದಿ ಹಬ್ಬಿತು. ನಮ್ಮ ಓಣಿಯ ಇನ್ನೂ ನಾಲ್ಕು ಮನೆಯವರು ಒಬ್ಬೊಬ್ಬರಾಗಿ ಸೆರಗಿನಲ್ಲಿ, ಜೇಬಿನಲ್ಲಿ ಮುಚ್ಚಿಕೊಂಡು ತಮ್ಮ ತಮ್ಮ ಕಡಗ ತಂದರು. ಎಲ್ಲವೂ ಒಂದೇ ಅಚ್ಚು, ಒಂದೇ ಕೈಬರಹ. ಪಕ್ಕದ ಮನೆಯ ಲಾಲಬಿ ತನ್ನದನ್ನು ನೆಲಕ್ಕೆಸೆದಳು. “ನಮ್ಮ ಮಾವಗ ಹುಟ್ಟಿದಾಗಿಂದ ಒಂದು ಕಾಲು ಕುಂಟು. ಅವರಿಗೂ ಕುಸ್ತಿ ಗೆದ್ದ ಕಡಗ ಕೊಟ್ಟಾನ, ಹಾಟ್ಯಾ! ನಾ ಇಸಗೊಂಡೇನಿ, ನನಗೇನ ಅನ್ನಬೇಕು!”

ರಾಚಪ್ಪ ಮೊದಲ ಬಾರಿ ನಕ್ಕ. ಆಮೇಲೆ ಕೋಡಣಸುಗಳನ್ನು ತಾನೇ ಒರೆಸಿ ಕಸ್ತೂರೆವ್ವನ ಕೈಗೆ ಕೊಟ್ಟ. “ನೀನಽ ಇಟ್ಕೋ. ನನಗ ಕೇಳಬ್ಯಾಡ, ನಾನು ಕೇಳಿದ್ರೂ ಕೊಡಬ್ಯಾಡ.”

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇಂಥವನು ಇಂಡಿಗೂ ಬರಬಹುದು, ಮುದ್ದೇಬಿಹಾಳಕ್ಕೂ ಬರಬಹುದು, ಬಸವನ ಬಾಗೇವಾಡಿಗೂ ಬರಬಹುದು. ನಿಮ್ಮ ಹಿರಿಯರ ಹೆಸರು ಹೇಳಿದನೆಂದು ಕರಗಬೇಡಿ. ಆ ಹೆಸರು ಅವನಿಗೆ ಯಾರು ಹೇಳಿದರೆಂದು ಮೊದಲು ವಿಚಾರಿಸಿ. ಬರೆದದ್ದನ್ನು ಓದಿ, ಓದು ಬಾರದಿದ್ದರೆ ಓದಿಸಿ. ಆ ಮಾತು, ಆ ತೂಕ, ಆ ಊರಿನ ಹೆಸರು ಆ ಕಾಲದಲ್ಲಿ ಇತ್ತೇ ಎಂದು ವಯಸ್ಸಾದವರನ್ನು ಕೇಳಿ. ತೊಳೆದು ನೋಡಿ, ಒರೆಗೆ ಹಚ್ಚಿಸಿ. ಅಲ್ಲಿಯವರೆಗೆ ಮನೆಯ ಒಂದು ದಾರವನ್ನೂ ಹೊರಗೆ ಕೊಡಬೇಡಿ. ಅವನಿಗೆ ಬೇಕಾದ್ದು ನೀವು ಹಳೆಯದೆಂದು ಮೂಲೆಗೆ ಹಾಕಿದ ಅಸಲಿ ವಸ್ತು. ಕೊಡುವುದು ಹೊಸದಾಗಿ ಮಾಡಿಸಿದ ನಕಲಿ.

ನಮ್ಮ ಒಂದು ಓಣಿಯಿಂದ ಹೋದದ್ದು: ಝೂಲ ಐದು, ಕೋಡಣಸು ಎಂಟು, ಎತ್ತಿನ ಹಣೆಪಟ್ಟಿ ಮೂರು, ಕೂಸಿನ ಕಸೂತಿ ಕುಂಚಿಗೆ ಒಂದು. ತಿರುಗಿ ಬಂದದ್ದು ಒಂದೂ ಇಲ್ಲ.